ಮುಂಗಾರಿಗೆ ಮುಂಚಿನ ಸಿಡಿಲು ಮಳೆ: ನಮ್ಮ ಶಾಲೆಯ ಒಂದು ನೋಟ್‌ಬುಕ್ಕಿನ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ಚರಿತ್ರೆಗೆ ಸಂಬಂಧಿಸಿದ ಏನನ್ನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಪ್ರಯೋಗಾಲಯದ ಬೀರುವಿನಲ್ಲಿದ್ದ ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಕಟ್ಟಡ ಎದ್ದ ಕಥೆ, ಮುಖ್ಯೋಪಾಧ್ಯಾಯರ ಪರಂಪರೆ, ಎಸ್ಸೆಸ್ಸೆಲ್ಸಿ ಫಲಿತಾಂಶ, ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ನಾನು ಮಳೆಯ ಬಗ್ಗೆ ಬರೆಯುತ್ತೇನೆ. ಅದರಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು, ಸಿಡಿಲು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲನ್ನೂ ಹೊತ್ತು ಬರುವ ಮಳೆಯ ಬಗ್ಗೆ. ಆ ಮಳೆ ಬರುವುದನ್ನು ನಮ್ಮ ಜನ ಹೇಗೆ ತಿಳಿಯುತ್ತಿದ್ದರು, ಈಗ ಹೇಗೆ ತಿಳಿಯುತ್ತಾರೆ ಎಂಬುದಕ್ಕೂ ಒಂದು ಚರಿತ್ರೆಯಿದೆ. ಅದರೊಳಗೆ ನನ್ನದೇ ಒಂದು ತಪ್ಪಿನ ಕಥೆಯೂ ಇದೆ. ನಲವತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ನಮ್ಮದು ಹೊಸದುರ್ಗ ಸೀಮೆ. ಚಿತ್ರದುರ್ಗ ಜಿಲ್ಲೆ ರಾಜ್ಯದ ಒಣ ಜಿಲ್ಲೆಗಳಲ್ಲಿ ಒಂದು ಎಂಬುದು ಎಲ್ಲರಿಗೂ ಗೊತ್ತು. ಇಲ್ಲಿ ಮುಂಗಾರಿಗೆ ಮುಂಚೆ ಬೀಳುವ ನಾಲ್ಕು ಹದ ಮಳೆಯೇ ಹೆಸರು, ಎಳ್ಳಿನ ಬಿತ್ತನೆಗೆ ಆಧಾರ. ಹಿರಿಯರು ಅದನ್ನು ನಕ್ಷತ್ರದ ಲೆಕ್ಕದಲ್ಲಿ ಹೇಳುತ್ತಿದ್ದರು. ಏಪ್ರಿಲ್ ಮಧ್ಯದಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕೆ, ಕೊನೆಯ ವಾರದಲ್ಲಿ ರೋಹಿಣಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನವೇ ಒಂದೊಂದು ಮಳೆಯ ಅವಧಿ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಇದು ಪಂಚಾಂಗದ ಲೆಕ್ಕ. ಯಾವ ಹದಿನಾಲ್ಕು ದಿನದಲ್ಲಿ ಮಳೆ ನಿರೀಕ್ಷಿಸಬೇಕು ಎಂದು ಹೇಳುತ್ತದೆಯೇ ಹೊರತು ಇವತ್ತು ಮಧ್ಯಾಹ್ನ ಮೂರು ಗಂಟೆಗೆ ನಮ್ಮ ದಿಬ್ಬದ ಮೇಲೆ ಸಿಡಿಲು ಬೀಳುತ್ತದೆಯೇ ಎಂದು ಹೇಳುವುದಿಲ್ಲ.

ಅದಕ್ಕೆ ಬೇರೆ ಲಕ್ಷಣಗಳಿದ್ದವು. ಬೆಳಗಿನಿಂದ ಗಾಳಿಯಾಡದೆ ಸೆಕೆ ಹೆಚ್ಚಿದರೆ, ಮಧ್ಯಾಹ್ನದ ಹೊತ್ತಿಗೆ ಮಾರಿಕಣಿವೆ ಕಡೆಯಿಂದಲೋ ಅಜ್ಜಂಪುರದ ಕಡೆಯಿಂದಲೋ ಹೂಕೋಸಿನಂಥ ಬಿಳಿ ಮೋಡ ಮೇಲೇಳುತ್ತಾ ಬುಡ ಕಪ್ಪಾದರೆ, ಕುರಿಗಳು ಮೇವು ಬಿಟ್ಟು ಒತ್ತೊತ್ತಿಗೆ ನಿಂತರೆ, ಕಣದಲ್ಲಿರುವುದನ್ನು ಮುಚ್ಚಬೇಕು ಎಂದು ನಮ್ಮಜ್ಜ ಹೇಳುತ್ತಿದ್ದರು. ಎಲ್ಲಕ್ಕಿಂತ ಕೊನೆಯ ಲಕ್ಷಣ ತಂಗಾಳಿ. ಧಗಧಗ ಎನ್ನುವ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬೀಸಿ ಮಣ್ಣಿನ ವಾಸನೆ ಬಂತೆಂದರೆ "ಪಕ್ಕದೂರಿಗೆ ಬಂತು ಕಣ್ರೋ" ಎನ್ನುತ್ತಿದ್ದರು.

ಮುಂದೆ ನಾನೇ ವಿಜ್ಞಾನ ಮೇಷ್ಟ್ರಾದ ಮೇಲೆ ಅಜ್ಜನ ಮಾತು ಎಷ್ಟು ಸರಿ ಎಂಬುದು ತಿಳಿಯಿತು. ಬೇಸಿಗೆಯಲ್ಲಿ ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಸಮುದ್ರದ ಕಡೆಯಿಂದ ಬಂದ ತೇವ ಅದರ ಜೊತೆ ಸೇರಿದರೆ ಮೇಲೆ ಹೋದಂತೆ ತಣಿದು ಮೋಡವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಹಾರಾಷ್ಟ್ರದ ಒಳನಾಡಿನಿಂದ ಕರ್ನಾಟಕದ ಒಳನಾಡಿನ ಮೂಲಕ ಕೇರಳದವರೆಗೆ ಗಾಳಿ ದಿಕ್ಕು ಬದಲಿಸುವ ಒಂದು ಪಟ್ಟಿ ಆಗಾಗ ಏರ್ಪಡುತ್ತದೆ. ಆ ಪಟ್ಟಿಯ ಆಸುಪಾಸಿನಲ್ಲೇ ಇಂಥ ಮೋಡಗಳು ಹೆಚ್ಚು. ಅವು ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೂ ಬೆಳೆಯುತ್ತವೆ. ಮಳೆ ಇಳಿಯುವಾಗ ಅದರ ಜೊತೆ ತಣ್ಣನೆಯ ಗಾಳಿಯೂ ಇಳಿದು, ನೆಲಕ್ಕೆ ಬಡಿದು, ನಾಲ್ಕೂ ದಿಕ್ಕಿಗೆ ಹರಡುತ್ತದೆ. ನಮ್ಮಜ್ಜನಿಗೆ ಪಕ್ಕದೂರಿನ ಸುದ್ದಿ ತರುತ್ತಿದ್ದದ್ದು ಇದೇ ಗಾಳಿ.

ಇನ್ನು ಸರ್ಕಾರ ಮಳೆಯನ್ನು ಅಳೆಯಲು ತೊಡಗಿದ ಕಥೆ. 1864ರಲ್ಲಿ ಕಲ್ಕತ್ತಕ್ಕೆ ಭಾರಿ ಚಂಡಮಾರುತ ಬಡಿಯಿತು. ಹಿಂದಿನ ವರ್ಷದ ಮಳೆ ಕೈಕೊಟ್ಟು 1866ರಲ್ಲಿ ಒರಿಸ್ಸಾದಲ್ಲಿ ಕ್ಷಾಮ ಬಂತು. ಇಂಥ ಪೆಟ್ಟುಗಳನ್ನು ತಿಂದ ಮೇಲೆ 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಎಚ್. ಎಫ್. ಬ್ಲಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥರು. ಮರುವರ್ಷವೇ ನಮ್ಮ ಮೈಸೂರು ಸೀಮೆಗೆ ಧಾತು ಸಂವತ್ಸರದ ಬರ ಬಂತು. 1876ರಿಂದ 78ರವರೆಗಿನ ಆ ಬರದಲ್ಲಿ ಲಕ್ಷಾಂತರ ಜನ ಸತ್ತರು. ಮಳೆಯ ಲೆಕ್ಕ ಇಡುವುದು ರಾಜ್ಯದ ಕೆಲಸ ಎಂದು ಮೈಸೂರು ಸಂಸ್ಥಾನಕ್ಕೂ ಮನವರಿಕೆಯಾಯಿತು. 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ನೇತೃತ್ವದಲ್ಲಿ ಸಂಸ್ಥಾನ ನಾಲ್ಕು ಹವಾಮಾನ ವೀಕ್ಷಣಾಲಯಗಳನ್ನು ನಡೆಸಿ ಅವುಗಳ ವರದಿಯನ್ನು ಅಚ್ಚು ಹಾಕಿಸಿತು. ಬೆಂಗಳೂರು, ಮೈಸೂರು, ಹಾಸನ, ನಾಲ್ಕನೆಯದು ನಮ್ಮ ಚಿತ್ರದುರ್ಗ. ನಮ್ಮ ಜಿಲ್ಲೆಯ ಮಕ್ಕಳು ಇದನ್ನು ತಿಳಿದಿರಬೇಕು.

ಆದರೆ ಸಿಡಿಲು ಮಳೆಯ ಮಟ್ಟಿಗೆ ಈ ಏರ್ಪಾಡಿಗೆ ಒಂದು ದೊಡ್ಡ ಮಿತಿಯಿತ್ತು. 1888ರ ಏಪ್ರಿಲ್ 30ರಂದು ಉತ್ತರ ಭಾರತದ ಮುರಾದಾಬಾದಿನಲ್ಲಿ ಆಲಿಕಲ್ಲು ಬಿದ್ದು 246 ಜನ ಸತ್ತರು. ಆಗ ಹವಾಮಾನ ಇಲಾಖೆಗೆ ಹದಿಮೂರು ವರ್ಷ. ತಂತಿ ಸುದ್ದಿ ಯಾವ ಬಿರುಗಾಳಿಗಿಂತಲೂ ವೇಗವಾಗಿ ಓಡುತ್ತಿತ್ತು. ಆದರೂ ಮುನ್ಸೂಚನೆ ಕೊಡಲು ಆಗುವಂತಿರಲಿಲ್ಲ. ಚಂಡಮಾರುತ ನೂರಾರು ಮೈಲಿ ಅಗಲದ್ದು, ದಿನಗಟ್ಟಲೆ ಇರುವಂಥದ್ದು. ನಾಲ್ಕು ಕಡೆ ಯಂತ್ರ ಇಟ್ಟರೆ ಎಲ್ಲಿಯಾದರೂ ಸಿಕ್ಕಿಬೀಳುತ್ತದೆ. ಗುಡುಗು ಮಳೆಯ ಮೋಡ ನಾಲ್ಕಾರು ಮೈಲಿ ಅಗಲದ್ದು. ಎರಡು ವೀಕ್ಷಣಾಲಯಗಳ ನಡುವೆ ಹುಟ್ಟಿ, ಸುರಿದು, ಅಲ್ಲೇ ಮುಗಿದುಹೋಗುತ್ತದೆ. ಬಲೆಯ ಕಣ್ಣು ದೊಡ್ಡದಾದರೆ ಸಣ್ಣ ಮೀನು ಸಿಗುವುದಿಲ್ಲವಲ್ಲ, ಹಾಗೆ. ಅಲ್ಲಿಂದ ಇಲ್ಲಿಯವರೆಗಿನ ಈ ವಿದ್ಯೆಯ ಚರಿತ್ರೆಯನ್ನು ಬಲೆಯ ಕಣ್ಣು ಸಣ್ಣದಾಗುತ್ತಾ ಬಂದ ಚರಿತ್ರೆ ಎಂದೇ ನಾನು ತಿಳಿದಿದ್ದೇನೆ.

ಈಗ ನಮ್ಮ ಶಾಲೆಗೆ ಬರುತ್ತೇನೆ. ನಾನು ಎಂಟನೇ ತರಗತಿಗೆ ಸೇರಿದ್ದು 1980ರಲ್ಲಿ. ಆಗಿನ ವಿಜ್ಞಾನ ಮೇಷ್ಟ್ರು ಒಂದು ತಗಡಿನ ಡಬ್ಬಿ, ಹತ್ತು ಸೆಂಟಿಮೀಟರ್ ಅಗಲದ ಬಾಯಿಯ ಒಂದು ಆಲಿಕೆ, ಪ್ರಯೋಗಾಲಯದ ಅಳತೆ ಜಾಡಿ ಇಟ್ಟುಕೊಂಡು ಮಳೆಮಾಪಕ ಮಾಡಿದ್ದರು. ಆಲಿಕೆಯ ಬಾಯಿಯ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. ಆದ್ದರಿಂದ ಡಬ್ಬಿಯಲ್ಲಿ 78.5 ಮಿಲಿಲೀಟರ್ ನೀರು ಸಿಕ್ಕರೆ ಮಳೆ ಒಂದು ಸೆಂಟಿಮೀಟರ್. ವೃತ್ತದ ವಿಸ್ತೀರ್ಣದ ಸೂತ್ರ ನಮ್ಮ ತಲೆಗೆ ಹತ್ತಿದ್ದು ಗಣಿತದ ಪೀರಿಯಡ್ಡಿನಲ್ಲಲ್ಲ, ಆ ಡಬ್ಬಿಯ ಮುಂದೆ. ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ. ಆದರೆ ಗುಡುಗು ಮಳೆ ಬರುವುದೇ ರಜೆಯಲ್ಲಿ! ಹಾಗಾಗಿ ಶಾಲೆಗೆ ಹತ್ತಿರದ ಮನೆಯ ಹುಡುಗನಾದ ನನಗೆ ನೋಟ್‌ಬುಕ್ಕನ್ನು ವಹಿಸಿ ಮೇಷ್ಟ್ರು ತಮ್ಮೂರಿಗೆ ಹೋಗುತ್ತಿದ್ದರು.

ನೋಟ್‌ಬುಕ್ಕಿನಲ್ಲಿ ಐದು ಕಲಂ ಇದ್ದವು. ತಾರೀಖು, ಮೋಡ ಎದ್ದ ದಿಕ್ಕು, ಮೊದಲ ಗುಡುಗಿನ ಸಮಯ, ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡು, ಮಳೆಯ ಅಳತೆ. ನಾಲ್ಕನೆಯ ಕಲಮೇ ನನಗೆ ಅಚ್ಚುಮೆಚ್ಚು. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎಣಿಸಿದ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಗೊತ್ತಾಗುತ್ತದೆ. ಹದಿಮೂರು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ವಿದ್ಯೆ ಬೇಕೆ? ಊರಿನವರು ಬಂದು "ಎಷ್ಟು ದೂರದಾಗೈತಪ್ಪಾ?" ಎಂದು ಕೇಳುತ್ತಿದ್ದರು. ನಾನು ಜ್ಯೋತಿಷಿಯ ಗತ್ತಿನಲ್ಲಿ ಉತ್ತರ ಕೊಡುತ್ತಿದ್ದೆ.

1982ರ ಮೇ ತಿಂಗಳು, ಕೃತ್ತಿಕೆ ಮಳೆಯ ದಿನಗಳು. ಒಂಬತ್ತನೆಯ ತರಗತಿ ಮುಗಿದಿತ್ತು. ಶಾಲೆಯ ಜಗಲಿಯಲ್ಲಿ ನೋಟ್‌ಬುಕ್ಕು ಹಿಡಿದು ಕೂತಿದ್ದೆ. ಮೂಡಲಲ್ಲಿ ಮೋಡ ಕಟ್ಟಿತ್ತು, ಊರಿನ ಮೇಲೆ ಇನ್ನೂ ಬಿಸಿಲಿತ್ತು. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಹಟ್ಟಿಯ ಗೆಳೆಯ ಅವರ ಮಾವನ ಕುರಿ ಹೊಡೆದುಕೊಂಡು ಶಾಲೆಯ ಮುಂದೆ ಹೋಗುತ್ತಿದ್ದ. ಮನೆಯವರು ನೋವಿನಿಂದ ಬೇಡವೆಂದದ್ದರಿಂದ ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವನ ಓರಗೆಯವರಿಗೆ ಗೊತ್ತಾಗುತ್ತದೆ.

"ಮಳೆ ಬತ್ತದೇನ್ಲಾ? ದಿಬ್ಬದ ಮ್ಯಾಕೆ ಹೊಡಕಂಡ್ ಹೋಗ್ಲಾ, ರೊಪ್ಪಕ್ಕೆ ತಿರುಗಿಸ್ಲಾ?" ಎಂದು ಕೇಳಿದ.

ಆಗಷ್ಟೇ ಎಣಿಸಿದ್ದೆ. ಇಪ್ಪತ್ತೊಂದು. ಮೂರರಿಂದ ಭಾಗಿಸಿದೆ. "ಏಳು ಕಿಲೋಮೀಟರ್ ದೂರ ಐತೆ ಕಣೋ, ಇನ್ನೂ ಹೊತ್ತೈತೆ, ಹೋಗು" ಅಂದೆ.

ಅವನು ಹೋದ. ನಾನು ಎಣಿಸುತ್ತಾ ಕೂತೆ. ಹದಿನೆಂಟು, ಹದಿನಾಲ್ಕು, ಒಂಬತ್ತು. ಸಂಖ್ಯೆ ಇಳಿಯುತ್ತಾ ಬಂದದ್ದು ನನಗೆ ಸಂತೋಷವೇ ಆಗಿತ್ತು ಎಂಬುದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ಕಲಂ ಅಷ್ಟು ಚೆನ್ನಾಗಿ ತುಂಬಿದ ದಿನ ಬೇರೆ ಇರಲಿಲ್ಲ. ದೂಳೆಬ್ಬಿಸುತ್ತಾ ಗಾಳಿ ಬಂತು. ದಿಬ್ಬದ ಹುಣಸೆಮರದ ಹತ್ತಿರ ಕುರಿಗಳು ಗುಂಪಾದದ್ದು ಜಗಲಿಯಿಂದಲೇ ಕಾಣುತ್ತಿತ್ತು. ಕೂಗಿದ್ದರೆ ಕೇಳಿಸುತ್ತಿತ್ತೋ ಇಲ್ಲವೋ, ನಾನು ಕೂಗಲಿಲ್ಲ. ಆಮೇಲೆ ಎಣಿಸಲು ಏನೂ ಉಳಿಯಲಿಲ್ಲ. ಬೆಳಕೂ ಶಬ್ದವೂ ಒಟ್ಟಿಗೇ ಬಂದವು. ಆಗಿನ್ನೂ ಒಂದು ಹನಿಯೂ ಬಿದ್ದಿರಲಿಲ್ಲ.

ಅವನ ಜೊತೆ ಹನ್ನೊಂದು ಕುರಿಗಳೂ ಹೋದವು. ಮರುದಿನ ಬೆಳಿಗ್ಗೆ ಎಂಟೂವರೆಗೆ ನಾನು ಎಂದಿನಂತೆ ಡಬ್ಬಿಯ ನೀರು ಅಳೆದು ಬರೆದೆ. ಮಾಡಲು ಬೇರೇನೂ ತೋಚಲಿಲ್ಲ. ಆ ಪುಟದಲ್ಲಿ ಮಳೆಯ ಲೆಕ್ಕವಿದೆ, ಅವನಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದಾಗ ಮೇಷ್ಟ್ರು ನೋಟ್‌ಬುಕ್ಕನ್ನು ಬಹಳ ಹೊತ್ತು ನೋಡಿದರು. ಅವನು ನನ್ನನ್ನು ಕೇಳಿ ಹೋದನೆಂಬುದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಬೈಯಲಿಲ್ಲ, ಏನನ್ನೂ ಕೇಳಲಿಲ್ಲ. ಸ್ಕೇಲು ಇಟ್ಟು ಪುಟದ ಬಲಗಡೆ ಇನ್ನೊಂದು ಗೆರೆ ಎಳೆದು ಆರನೆಯ ಕಲಂ ಮಾಡಿದರು. ಅದರ ತಲೆಯ ಮೇಲೆ "ಯಾರಿಗೆ ಹೇಳಿದೆ?" ಎಂದು ಬರೆದು ಪುಸ್ತಕವನ್ನು ನನ್ನ ಕೈಗೇ ವಾಪಸು ಕೊಟ್ಟರು.

ನನ್ನ ಲೆಕ್ಕ ಎಲ್ಲಿ ತಪ್ಪಿತ್ತು ಎಂಬುದು ತಿಳಿಯಲು ಬಹಳ ವರ್ಷ ಬೇಕಾಯಿತು. ಭಾಗಾಕಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಅದರಿಂದ ನಾನು ತೆಗೆದ ಅರ್ಥ. ಸಿಡಿಲು ಮಳೆ ಬೀಳುವ ಜಾಗದಲ್ಲೇ ಬೀಳಬೇಕೆಂದಿಲ್ಲ. ಮೋಡದಿಂದ ಹತ್ತು ಕಿಲೋಮೀಟರ್ ಆಚೆಗೂ, ಬಿಸಿಲಿರುವ ಕಡೆಗೂ ಬೀಳಬಲ್ಲದು. ಎರಡನೆಯದಾಗಿ, ಮೋಡ ಇಡಿಯಾಗಿ ನಡೆದು ಬರುವುದಿಲ್ಲ. ಅಮೆರಿಕದಲ್ಲಿ 1946 ಮತ್ತು 47ರಲ್ಲಿ ಫ್ಲಾರಿಡಾ, ಓಹಾಯೋ ರಾಜ್ಯಗಳ ಗುಡುಗು ಮೋಡಗಳೊಳಗೆ ವಿಮಾನ ಹಾರಿಸಿ, ರೇಡಾರ್ ಇಟ್ಟು ದೊಡ್ಡ ಅಧ್ಯಯನ ಮಾಡಿದರು. ಒಂದೊಂದು ಮೋಡದ ಕೋಶವೂ ಬೆಳೆದು, ಸುರಿದು, ಸಾಯಲು ಹೆಚ್ಚೆಂದರೆ ಒಂದು ಗಂಟೆ ಎಂದು ಅದರಿಂದ ತಿಳಿಯಿತು. ಆದರೆ ಸಾಯುವ ಮೋಡದ ತಂಗಾಳಿ ಮುಂದಿನ ಬಿಸಿಗಾಳಿಯನ್ನು ಮೇಲಕ್ಕೆತ್ತಿ ಅಲ್ಲೊಂದು ಹೊಸ ಮೋಡ ಹುಟ್ಟಿಸಬಹುದು. ಆಗ ಬಿರುಗಾಳಿ ನಡೆಯುವುದಿಲ್ಲ, ಜಿಗಿಯುತ್ತದೆ. ಮಿಂಚಿಗೂ ಗುಡುಗಿಗೂ ಮೂವತ್ತು ಸೆಕೆಂಡಿಗಿಂತ ಕಡಿಮೆ ಇದ್ದರೆ ಸೂರಿನ ಕೆಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಬರಬಾರದು ಎಂಬ ನಿಯಮವನ್ನು ನಾನು ಓದಿದ್ದು ಮೇಷ್ಟ್ರಾದ ಮೇಲೆ. ನಾನು ಎಣಿಸಿದ್ದು ಇಪ್ಪತ್ತೊಂದು. "ಹೊತ್ತೈತೆ" ಎಂದು ಹೇಳಿದಾಗಲೇ ಹೊತ್ತು ಮೀರಿತ್ತು.

ಆ ಆರನೆಯ ಕಲಂ ಊರಿನಲ್ಲಿ ಒಂದು ಪದ್ಧತಿಯನ್ನೇ ಹುಟ್ಟಿಸಿತು. ಮೋಡ ಎದ್ದರೆ ನಾವು ಹುಡುಗರು ಹಟ್ಟಿಗೆ ಓಡುತ್ತಿದ್ದೆವು. ಹೊಸದುರ್ಗದಿಂದ ಬರುವ ಬಸ್ಸಿನ ಮೇಲಿನ ಮೂಟೆಗಳು ನೆನೆದಿವೆಯೇ ಎಂದು ನೋಡುತ್ತಿದ್ದೆವು. ದಾರಿಯಲ್ಲಿ ಎಲ್ಲೆಲ್ಲಿ ಮಳೆ ಎಂದು ಕಂಡಕ್ಟರಣ್ಣ ಹೇಳುತ್ತಿದ್ದರು. ಅಪ್ಪ ಭದ್ರಾವತಿ ಆಕಾಶವಾಣಿ ಹಾಕಿದಾಗ ಮಧ್ಯಮ ತರಂಗದಲ್ಲಿ ಗರಗರ ಸದ್ದು ಹೆಚ್ಚಾದರೆ ಎಲ್ಲೋ ಸಿಡಿಲಾಗುತ್ತಿದೆ ಎಂದು ತಿಳಿಯುತ್ತಿದ್ದೆವು. ಮಿಂಚು ಸ್ವತಃ ರೇಡಿಯೋ ತರಂಗ ಹೊರಡಿಸುತ್ತದೆ. ಆ ಗರಗರ ಅದರದೇ ಸದ್ದು. ಮುಂದೆ ಕಿರಾಣಿ ಅಂಗಡಿಗೆ ಫೋನ್ ಬಂತು, ಆಮೇಲೆ ಎಲ್ಲರ ಜೇಬಿಗೂ ಬಂತು. ಮೂಡಲ ಹಳ್ಳಿಯ ನೆಂಟರು ಒಂದು ಮಿಸ್ಡ್ ಕಾಲ್ ಕೊಟ್ಟರೆ ಮಳೆ ಹೊರಟಿದೆ ಎಂದು ಅರ್ಥ.

ಅತ್ತ ಸರ್ಕಾರದ ಬಲೆಯೂ ಸಣ್ಣ ಕಣ್ಣಿನದಾಗುತ್ತಾ ಬಂತು. ರಾಜ್ಯದಲ್ಲಿ 1988ರಲ್ಲಿ ಬರ ಪರಿಸ್ಥಿತಿ ನಿಗಾ ಘಟಕ ಶುರುವಾಯಿತು. 2007ರಲ್ಲಿ ಅದೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ನಾಲ್ಕು ವೀಕ್ಷಣಾಲಯಗಳಿಂದ ಹೊರಟ ನಾಡಿನಲ್ಲಿ ಇಂದು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳಿವೆ. ಅವು ಹದಿನೈದು ನಿಮಿಷಕ್ಕೊಮ್ಮೆ ತಾವೇ ಲೆಕ್ಕ ಕಳಿಸುತ್ತವೆ. 2002ರಲ್ಲಿ ಚೆನ್ನೈನಲ್ಲಿ ಡಾಪ್ಲರ್ ರೇಡಾರ್ ಬಂತು. ಮೋಡದೊಳಗಿನ ನೀರಹನಿ ಎಷ್ಟಿವೆ ಎಂಬುದನ್ನಷ್ಟೇ ಅಲ್ಲ, ಅವು ಯಾವ ವೇಗದಲ್ಲಿ ಹತ್ತಿರ ಬರುತ್ತಿವೆ ಎಂಬುದನ್ನೂ ಅದು ಹೇಳುತ್ತದೆ. ಆದರೆ ಭೂಮಿ ದುಂಡಗಿದೆ. ದೂರ ಹೋದಂತೆ ರೇಡಾರಿನ ಕಿರಣ ನೆಲದಿಂದ ಹಲವು ಕಿಲೋಮೀಟರ್ ಮೇಲೇರಿಬಿಡುತ್ತದೆ. ಆದ್ದರಿಂದ ಒಳನಾಡಿನ ನಮ್ಮಂಥ ಊರುಗಳಿಗೆ ಅದು ಒಂದೇ ಸಾಲದು. ಸಿಡಿಲಿಗೆ ಬೇರೆಯೇ ಜಾಲವಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಸುತ್ತಮುತ್ತ ಇಪ್ಪತ್ತು, ನಲವತ್ತು ಕಿಲೋಮೀಟರ್ ಒಳಗೆ ಬಿದ್ದ ಸಿಡಿಲನ್ನು ತೋರಿಸುತ್ತದೆ. ನಮ್ಮ ರಾಜ್ಯದ ಕೇಂದ್ರದವರೂ ಸಿಡಿಲು ಎಂಬ ಹೆಸರಿನದೇ ಆ್ಯಪ್ ಮಾಡಿದರು. ಬೇರೆ ಬೇರೆ ಊರುಗಳಲ್ಲಿಟ್ಟ ಯಂತ್ರಗಳು ಮಿಂಚಿನ ರೇಡಿಯೋ ತರಂಗವನ್ನು ಹಿಡಿದು, ಅದು ಯಾರಿಗೆ ಎಷ್ಟು ಮೊದಲು ತಲುಪಿತು ಎಂಬ ಲೆಕ್ಕದಿಂದ ಜಾಗ ಗುರುತಿಸುತ್ತವೆ. ಅಪ್ಪನ ರೇಡಿಯೋದ ಗರಗರ, ನಾನು ಎಣಿಸಿದ ಸೆಕೆಂಡು, ಎರಡೂ ಅದರಲ್ಲಿ ಸೇರಿವೆ.

ಇಷ್ಟೆಲ್ಲ ಇದ್ದರೂ ದೇಶದಲ್ಲಿ ಈಗಲೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಿದ್ದಾರೆ. ಸಾಯುವವರು ಹೆಚ್ಚಾಗಿ ಹೊಲದಲ್ಲಿರುವವರು, ದನ ಕುರಿ ಕಾಯುವವರು, ಮಳೆಗೆ ಮರದಡಿ ನಿಂತವರು. ಸೂಚನೆ ಬರುವುದು ಮನೆಯಲ್ಲಿರುವ ಹುಡುಗನ ಸ್ಮಾರ್ಟ್‌ಫೋನಿಗೆ. ಸಿಡಿಲು ಬೀಳುವುದು ಕೀಪ್ಯಾಡ್ ಫೋನಿಟ್ಟುಕೊಂಡು ದಿಬ್ಬದ ಮೇಲಿರುವ ಅವನ ತಾತನ ಪಕ್ಕದಲ್ಲಿ. ಈ ಕೊನೆಯ ಅರ್ಧ ಮೈಲಿಯನ್ನು ಯಾವ ಉಪಗ್ರಹವೂ ದಾಟಿಸುವುದಿಲ್ಲ. ಯಾರಾದರೂ ಫೋನ್ ಮಾಡಬೇಕು, ಇಲ್ಲವೇ ಓಡಿಹೋಗಿ ಹೇಳಬೇಕು.

ಹೋದ ತಿಂಗಳು ಶಾಲೆಗೆ ಹೋಗಿದ್ದಾಗ ಈಗಿನ ವಿಜ್ಞಾನ ಶಿಕ್ಷಕಿಯವರು ಆ ಹಳೆಯ ನೋಟ್‌ಬುಕ್ಕನ್ನು ಹುಡುಕಿ ಕೊಟ್ಟರು. ಅಂಚು ಗೆದ್ದಲು ತಿಂದಿದೆ, ಅಕ್ಷರ ಓದುವಂತಿದೆ. ಅವರ ಅನುಮತಿ ಪಡೆದು 1982ರ ಆ ಪುಟದಲ್ಲಿ, ಮೇಷ್ಟ್ರು ಎಳೆದ ಗೆರೆಗೂ ಮುಂಚಿನ ಸಾಲಿನಲ್ಲಿ, ಅವನ ಹೆಸರು ಬರೆದೆ. ಪಕ್ಕದಲ್ಲಿ "ಹೋಗು ಎಂದು ಹೇಳಿದವನು ನಾನು" ಎಂದೂ ಬರೆದೆ.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ, ಗುರುಗಳಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಶಾಲೆಗೆ ಒಂದು ಒಳ್ಳೆಯ ಮಳೆಮಾಪಕವನ್ನು ಈ ಮಹೋತ್ಸವದ ನೆನಪಿಗೆ ನಾನು ಕೊಡುತ್ತಿದ್ದೇನೆ. ಒಂದು ಹೊಸ ನೋಟ್‌ಬುಕ್ಕನ್ನೂ ಆರು ಕಲಂ ಗೆರೆ ಹಾಕಿ ಕೊಟ್ಟಿದ್ದೇನೆ. ಅಶ್ವಿನಿಯಿಂದ ರೋಹಿಣಿಯವರೆಗೆ, ರಜೆಯ ದಿನಗಳಲ್ಲಿ, ಮಕ್ಕಳು ಸರದಿಯಂತೆ ಅದನ್ನು ಬರೆಯಲಿ. ಫೋನಿನಲ್ಲಿ ಸಿಡಿಲಿನ ಸೂಚನೆ ಬಂದರೆ ದೇವಸ್ಥಾನದ ಮೈಕಿನಲ್ಲಿ ಕೂಗಿ ಹೇಳಲು ಊರಿನವರು ಒಪ್ಪಲಿ. ದಿಬ್ಬದ ಕಡೆ ಕುರಿ ಹೊಡೆದವರು ಯಾರ್‍ಯಾರು ಎಂಬುದು ಹಟ್ಟಿಯವರಿಗೆ ಗೊತ್ತಿರುತ್ತದೆ. ಮೊದಲು ಅವರಿಗೆ ಫೋನ್ ಹೋಗಲಿ. ಮಳೆ ಎಷ್ಟು ಬಂತು ಎಂಬ ಕಲಂ ಒಂದು ದಿನ ಖಾಲಿ ಬಿಟ್ಟರೂ ಚಿಂತೆಯಿಲ್ಲ. ಆರನೆಯದು ಮಾತ್ರ ಖಾಲಿ ಇರಬಾರದು.